ಬಲಿ ಅಂದವಳು ನಾನೇ

ಕಳೆದ ಭಾನುವಾರ ಬೆಳಿಗ್ಗೆ ನಾನು ನನ್ನ ಅಣ್ಣನ ಮಗಳನ್ನು ಬಲಿ ಕೊಟ್ಟೆ.

ಗಾಬರಿಯಾಗಬೇಡಿ. ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ. ನಿನ್ನೆ ಕೂಡ ಫೋನ್ ಮಾಡಿ ಹೊಸ ಶೂ ಬೇಕು ಅಂತ ಪೀಡಿಸಿದಳು. ನಾನು ಬಲಿ ಕೊಟ್ಟಿದ್ದು ಬರೀ ಬಾಯಲ್ಲಿ, ಒಂದೇ ಒಂದು ಪದದಲ್ಲಿ. ಆದರೆ ಆ ಒಂದು ಪದ ನಮ್ಮ ಮನೆಯಲ್ಲಿ ಎಬ್ಬಿಸಿದ ರಂಪ ಇದೆಯಲ್ಲ, ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳದಿದ್ದರೆ ನನಗೆ ತಿಂದ ಅನ್ನ ಜೀರ್ಣವಾಗುವುದಿಲ್ಲ.

ಹುಡುಗಿಯ ಹೆಸರು ಉರುಕುಂದಮ್ಮ. (ನಮ್ಮ ಕಡೆ ಓಣಿಗೊಬ್ಬ ಉರುಕುಂದಪ್ಪ, ಒಬ್ಬಳು ಉರುಕುಂದಮ್ಮ ಇದ್ದೇ ಇರುತ್ತಾರೆ. ಅಷ್ಟುದ್ದ ಹೆಸರನ್ನು ಇಂಗ್ಲಿಷಿನಲ್ಲಿ ಆಟದ ಟೀ ಶರ್ಟಿನ ಬೆನ್ನಿಗೆ ಹಿಡಿಸಲು ಅದನ್ನು ಹೊಲಿದ ಪುಣ್ಯಾತ್ಮರು ಎಷ್ಟು ಒದ್ದಾಡಿದರೋ!) ಮನೆಯಲ್ಲಿ ಎಲ್ಲರಿಗೂ ಉರುಕುಂದಿ. ಗಡಿಯಾಚೆ ತೆಲುಗು ಸೀಮೆಗೆ ಸೇರಿದ ಹಾಲಹರವಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಕುರಿ ಸಾಕುವ ನನ್ನಣ್ಣ ಈರಣ್ಣನ ಮಗಳು. ಅನಂತಪುರದ ಹಾಸ್ಟೆಲ್ಲಿನಲ್ಲಿ ಓದುವಾಗ ಯಾರೋ ಪಿ.ಟಿ. ಟೀಚರ್ ಕೈಗೊಂದು ಬ್ಯಾಟು ಕೊಟ್ಟರು. ಕ್ರಿಕೆಟ್ಟಿನದಲ್ಲ, ಒನಕೆಯಂತೆ ದುಂಡಗಿರುವುದು. ಆಟದ ಹೆಸರು ಸಾಫ್ಟ್‌ಬಾಲ್. ಹೆಸರಿಗೆ ಸಾಫ್ಟು, ಮೈಗೆ ಬಿದ್ದರೆ ಗೊತ್ತಾಗುತ್ತದೆ.

ಆಡುತ್ತಾ ಆಡುತ್ತಾ ಹುಡುಗಿ ಭಾರತದ ಮಹಿಳಾ ತಂಡಕ್ಕೇ ಸೇರಿಬಿಟ್ಟಳು. ಈ ಸಲ ಹತ್ತಾರು ದೇಶ, ಹತ್ತಾರು ಆಟಗಳ ಒಂದು ದೊಡ್ಡ ಕ್ರೀಡಾಕೂಟಕ್ಕೆ ವಿಮಾನ ಹತ್ತಿದಳು. ನಮ್ಮ ವಂಶದಲ್ಲಿ ಮೊದಲು ವಿಮಾನ ಹತ್ತಿದವಳು ಅವಳೇ.

ಅಲ್ಲಿಂದ ಬಂದ ಮೇಲೆ ಮತ್ತೆ ಆರು ತಿಂಗಳ ತರಬೇತಿ ಕ್ಯಾಂಪ್. ಅದಕ್ಕೆ ಹೋಗಬೇಕೆಂದರೆ ಮನೆಯವರು ಹೂಂ ಅನ್ನಬೇಕು. ನಮ್ಮ ಮನೆಯಲ್ಲಿ ಹೂಂ ಅನ್ನುವ ಅಧಿಕಾರ ಇರುವುದು ಒಬ್ಬರಿಗೇ. ನಮ್ಮವ್ವನಿಗೆ. ಆಕಿ ಆಡೋದನ್ನ ಒಮ್ಮೆ ನನ್ನ ಕಣ್ಣಿಲೆ ನೋಡ್ತೀನಿ, ಆಮ್ಯಾಲ ಹೇಳ್ತೀನಿ ಅಂದುಬಿಟ್ಟಿದ್ದಳು ಅವ್ವ. ಹಾಗಾಗಿ ಭಾನುವಾರದ ಮ್ಯಾಚು ಅಂದರೆ ಉರುಕುಂದಿಗೂ ಪರೀಕ್ಷೆ, ನಮಗೂ ಪರೀಕ್ಷೆ.

ನಾನು ಆದೋನಿಯಿಂದ ಮೊದಲ ಬಸ್ಸಿಗೆ ಊರಿಗೆ ಹೋದೆ. ಕಟ್ಟೆಯ ಮೇಲೆ ನೀರಿನ ತಂಬಿಗೆಗೆ ನನ್ನ ಫೋನು ಆನಿಸಿಟ್ಟೆವು. ಅವ್ವ ಮುಂದೆ, ಅಣ್ಣ ಪಕ್ಕಕ್ಕೆ, ಅತ್ತಿಗೆ ಬಾಗಿಲಲ್ಲಿ, ಹಿಂದೆ ಅರ್ಧ ಓಣಿ. ಕಾಮೆಂಟರಿ ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ನನ್ನದು. ನಾನೇನು ಕಡಿಮೆಯವಳೇ? ಇಪ್ಪತ್ತೈದು ವರ್ಷದಿಂದ ಕನ್ನಡ ಟೀಚರ್. ಗಂಟಲು ಸರಿಮಾಡಿಕೊಂಡು ಕೂತೆ.

ಉರುಕುಂದಿಯ ಸರದಿ ಬಂತು. ಹುಡುಗಿ ಬ್ಯಾಟು ಬೀಸಲೇ ಇಲ್ಲ! ಚೆಂಡಿಗೆ ಸುಮ್ಮನೆ ಅಡ್ಡ ಹಿಡಿದಳು. ಅದು ಕಾಲ ಬುಡದಲ್ಲೇ ಪುಸಕ್ಕನೆ ಬಿತ್ತು. ಇವಳು ಜೀವ ಬಿಟ್ಟು ಓಡಿದಳು. ಯಾರೋ ಚೆಂಡೆತ್ತಿ ಎಸೆದರು. ಔಟ್. ಅಷ್ಟರಲ್ಲಿ ಫೋನಿನ ನಡುವೆ ಆ ಹಾಳು ಚಕ್ರ ತಿರುಗತೊಡಗಿತು. ಚಿತ್ರ ನಿಂತಿತು, ದನಿ ಮಾತ್ರ ಬಂತು. ಕಾಮೆಂಟರಿಯವನು ‘ಸ್ಯಾಕ್ರಿಫೈಸ್, ಸ್ಯಾಕ್ರಿಫೈಸ್’ ಅಂತ ಎರಡು ಸಲ ಅಂದ.

ಏನಂತ, ಏನಂತ ಅಂತ ಎಲ್ಲರೂ ನನ್ನ ಮುಖ ನೋಡಿದರು.

‘ತ್ಯಾಗ’ ಎಂಬ ಪದ ನನ್ನ ನಾಲಿಗೆ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಪುಸ್ತಕದ ಪದ, ನಮ್ಮವರಿಗೆ ತಿಳಿಯುವ ಹಾಗೆ ಹೇಳೋಣ ಅಂತ ನನ್ನ ಜಾಣತನ ಅಡ್ಡ ಬಂತು. ಬಲಿ ಕೊಟ್ಟರಂತೆ ಅಂದೆ.

ಕುರಿ ಸಾಕುವ ಮನೆಯಲ್ಲಿ ಬಲಿ ಎನ್ನುವ ಪದಕ್ಕೆ ಎರಡನೇ ಅರ್ಥವಿದೆಯೇ? ಕೊರಳಿಗೆ ಹೂವು, ಹಣೆಗೆ ಅರಿಶಿನ, ಆಮೇಲೆ ಕತ್ತಿ. ಅಷ್ಟೇ.

ಅವ್ವನ ಮುಖ ಕಪ್ಪಿಟ್ಟಿತು. ಸರಿಯಾಗಿ ಅದೇ ಹೊತ್ತಿಗೆ ಚಿತ್ರ ಮತ್ತೆ ಓಡತೊಡಗಿತು. ನೋಡಿದರೆ ಉರುಕುಂದಿ ತಲೆ ತಗ್ಗಿಸಿ ಬರುತ್ತಿದ್ದಾಳೆ, ತಂಡದ ಹುಡುಗಿಯರೆಲ್ಲ ಸುತ್ತುಗಟ್ಟಿ ಅವಳ ಹೆಲ್ಮೆಟ್ಟಿನ ಮೇಲೆ ಪಟಪಟ ಬಡಿಯುತ್ತಿದ್ದಾರೆ! ಶಾಭಾಷ್ ಅನ್ನಲು ಆ ಆಟದಲ್ಲಿ ಹಾಗೆ ಬಡಿಯುತ್ತಾರಂತೆ. ನಮಗೇನು ಗೊತ್ತು? ಔಟಾಗಿದ್ದಕ್ಕೆ ಕೂಸನ್ನು ಹೊಡೀತಾರೆ ಅಂತ ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

‘ಬೀಸಬ್ಯಾಡಂತ ಹೇಳಿದೋರೂ ಅವರ, ಬಡಿಯೋರೂ ಅವರ. ಹಳ್ಳಿ ಹುಡುಗಿ, ಕೇಳೋರು ಯಾರೂ ಇಲ್ಲಂತ ತಿಳ್ಕಂಡಾರ’ ಅಂದಳು ಅವ್ವ. ಆಮೇಲೆ ಅಣ್ಣನ ಕಡೆ ತಿರುಗಿ, ‘ಚಾಲು. ಕರೆಸು ಆಕೀನ’ ಅಂದಳು.

(ತೆಲುಗಿನ ಚಾಲು ಅದು. ಸಾಕು ಅಂತ. ನಮ್ಮ ಕನ್ನಡದ ಚಾಲು ಆಗಿದ್ದರೆ ಎಷ್ಟು ಚೆನ್ನಾಗಿತ್ತು!)

ಎಂಟು ವರ್ಷ ಮೈ ಮುರಿದು ಆಡಿದ ಹುಡುಗಿ. ಅವಳ ಕೈಯಿಂದ ಬ್ಯಾಟು ಕಿತ್ತುಕೊಂಡಿದ್ದು ಯಾರು? ಕನ್ನಡ ಟೀಚರ್! ನಾನು ಹೇಳಿದ್ದು ತಪ್ಪಾಯ್ತು, ಅದು ಬಲಿಯಲ್ಲ, ತ್ಯಾಗ ಅಂತ ತಿದ್ದಲು ಹೋದೆ. ಅವ್ವ ಒಂದೇ ಏಟಿಗೆ ನನ್ನ ಬಾಯಿ ಮುಚ್ಚಿಸಿದಳು.

‘ಎರಡೂ ಒಂದೇ ಬಿಡು. ಕೊಡಾಕಿ ಒಬ್ಬಾಕಿ, ಉಣ್ಣೋರು ಬ್ಯಾರೆಯೋರು.’

ಈ ಪಾಠ ನನ್ನ ಬಿ.ಎಡ್. ಡಿಗ್ರಿಯಲ್ಲಿ ಇರಲಿಲ್ಲ.

ಮಧ್ಯಾಹ್ನ ಉರುಕುಂದಿಯೇ ವಿಡಿಯೋ ಕಾಲ್ ಮಾಡಿದಳು. ಮುಖವೆಲ್ಲ ಹಲ್ಲು. ಕೂಟದಲ್ಲಿ ನಮ್ಮ ತಂಡದ ಮೊದಲ ರನ್ನು ಬಂದಿದ್ದೇ ತನ್ನಿಂದ, ಮ್ಯಾಚು ಸೋತರೂ ಕೋಚ್ ಮೇಡಂ ತಬ್ಬಿಕೊಂಡರು, ನೋಡಿದಿರೋ ಇಲ್ಲೋ ಅಂತ ಒಂದೇ ಉಸಿರಿಗೆ ಕೇಳಿದಳು. ಇಲ್ಲಿ ನಾವೆಲ್ಲ ಮಣ್ಣು ಮಾಡಿ ಬಂದವರ ಹಾಗೆ ಕೂತಿದ್ದೇವೆ. ನಾನು ಗುಟುಕು ನೀರು ಕುಡಿದು ಇದ್ದದ್ದನ್ನೆಲ್ಲ ಒಪ್ಪಿಸಿದೆ. ಹುಡುಗಿ ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಅಜ್ಜಿಯ ಮುಖ ಕಂಡು ನಗು ನಿಲ್ಲಿಸಿದಳು.

ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದಳು. ಈ ಆಟದಲ್ಲಿ ಹೊರಟ ಜಾಗಕ್ಕೆ ಮನೆ ಅಂತಾರಂತೆ. ಸುತ್ತು ಹಾಕಿ ಬಂದು ಮನೆ ಮುಟ್ಟಿದರೆ ಒಂದು ರನ್ನು. ತಂಡದ ಒಬ್ಬ ಹುಡುಗಿ ಮನೆಗೆ ಒಂದೇ ಹೆಜ್ಜೆ ದೂರ ಅನ್ನುವ ಹಾಗೆ ಕೊನೆಯ ನಿಲ್ದಾಣದಲ್ಲಿ ಬಂದು ನಿಂತಿದ್ದಳು. ಇವಳು ಚೆಂಡನ್ನು ಕಾಲ ಬುಡದಲ್ಲಿ ಕೆಡವಿ ಓಡಿದಳು, ಎದುರಾಳಿಗಳು ಇವಳನ್ನು ಹಿಡಿಯಲು ಹೋದರು, ಅಷ್ಟರಲ್ಲಿ ಅವಳು ಮನೆ ಸೇರಿದಳು. ಆ ಚಕ್ರ ತಿರುಗುವಾಗ ನಮಗೆ ಕಾಣದೆ ಹೋದದ್ದು ಅದೇ.

ಆಮೇಲೆ ಅಣ್ಣನಿಗೆ ಹೇಳಿದಳು: ‘ಅಪ್ಪಾ, ಹಳ್ಳ ಬಂದಾಗ ನೀ ನಡು ನೀರಾಗ ನಿಂದರಂಗಿಲ್ಲೇನು? ನೀ ತೊಯ್ಸ್ಕಂತಿ, ಕುರಿ ದಾಟ್ತಾವ. ಹಂಗ ಇದು. ನನಗ ಯಾರೂ ಬಲಿ ಕೊಟ್ಟಿಲ್ಲ. ನಾ ದಾಟಿಸೀನಿ.’

ದಾಟಿಸುವುದು! ಎಂಥ ಪದ! ಇಪ್ಪತ್ತೈದು ವರ್ಷ ಪಾಠ ಹೇಳಿದ ನನಗೆ ಹೊಳೆಯಲಿಲ್ಲ, ನೋಡಿ. ಅಣ್ಣ ಹೌದೌದು ಎಂದು ತಲೆಯಾಡಿಸಿದ. ಹುಡುಗಿಯ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ ಫೋನಿಗೇ ಮುತ್ತು ಕೊಡಬೇಕೆನ್ನಿಸಿತು.

ಆದರೆ ಹೂಂ ಅನ್ನಬೇಕಾದವಳು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅವ್ವ ಫೋನನ್ನು ತನ್ನ ಕೈಗೆ ತೆಗೆದುಕೊಂಡಳು.

‘ಆಕಿ ಮನಿ ಮುಟ್ಟಿದ್ಲಾ?’

‘ಮುಟ್ಟಿದ್ಲಬೇ.’

ಅವ್ವ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.

‘ಹಂಗಾರ ಕ್ಯಾಂಪಿಗೆ ಹೋಗು. ಆದ್ರ ಆ ಹುಡುಗಿಗೆ ಹೇಳು, ಮುಂದಿನ ಸಲ ಆಕಿ ಔಟಾಗ್ಲಿ. ನೀ ಮನಿ ಮುಟ್ಟು.’

ಎಲ್ಲರೂ ಗೊಳ್ಳೆಂದು ನಕ್ಕರು. ಒಳಗಿಂದ ಅತ್ತಿಗೆಯೂ ನಕ್ಕಿದ್ದು ಕೇಳಿಸಿತು. ಅಣ್ಣ ನಗುತ್ತಲೇ ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳ ಕಡೆ ಹೊರಟ. ಅವನ ಬೆನ್ನು ನೋಡುತ್ತಿದ್ದ ಹಾಗೆ ನನ್ನ ನಗು ಮಾತ್ರ ಅರ್ಧಕ್ಕೇ ನಿಂತಿತು.

ಅಪ್ಪ ತೀರಿಕೊಂಡ ವರ್ಷ ಅಣ್ಣ ಏಳನೇ ಕ್ಲಾಸು, ನಾನು ಐದು. ಕುರಿ ಹಿಂದೆ ಇಬ್ಬರಲ್ಲಿ ಒಬ್ಬರು ಹೋಗಲೇಬೇಕಿತ್ತು. ಓದಿನಲ್ಲಿ ನನಗಿಂತ ಅವನೇ ಜಾಣ. ಆದರೂ ನಾನು ಹೋಗ್ತೀನಿ, ಆಕಿ ಓದ್ಲಿ ಅಂದವನು ಅವನೇ. ನಾನು ಆದೋನಿಗೆ ಬಂದೆ, ಹಾಸ್ಟೆಲ್ಲು ಸೇರಿದೆ, ಟೀಚರಾದೆ. ಈಗ ವಾರವಾರ ಈ ಅಂಕಣದಲ್ಲಿ ನಿಮ್ಮೆದುರು ಜಂಬ ಕೊಚ್ಚಿಕೊಳ್ಳುತ್ತೇನೆ. ಅವನು ಒಂದು ದಿನವೂ ಆ ಮಾತು ಎತ್ತಿದವನಲ್ಲ. ನಾನೂ ಎತ್ತಿದವಳಲ್ಲ.

ಮುಂದಿನ ಸಲ ಆಕಿ ಔಟಾಗ್ಲಿ ಅಂದಳಲ್ಲ ಅವ್ವ, ಈ ನಲವತ್ತು ವರ್ಷದಲ್ಲಿ ನನ್ನಣ್ಣನಿಗಾಗಿ ನಾನು ಔಟಾದದ್ದು ಯಾವಾಗ?