ನೂರು ಎಲೆಯ ಊಟ, ಗೂಡಿನಲ್ಲಿ ಅಡಕೆ

ಒಬ್ಬರ ಮಾತು ಇನ್ನೊಬ್ಬರಿಗೆ ಕೆಡದೆ ತಲುಪುವುದೇ ನಾಗರಿಕತೆಯ ಅಡಿಗಲ್ಲು. ಅದು ತಪ್ಪಿದಾಗ ರಾಜ್ಯಗಳು ಉರುಳಿವೆ, ವಂಶಗಳು ಅಳಿದಿವೆ. ಬಸವನಗುಡಿಯ ನಮ್ಮ ಮನೆಯಲ್ಲಿ ತಪ್ಪಿದಾಗ ಸಂಜೆಗೆ ಚಿತ್ರಾನ್ನ ಆಗುತ್ತಿತ್ತು.

ಈ ಚಿತ್ರಾನ್ನ ನನಗೆ ಮತ್ತೆ ನೆನಪಾದದ್ದು ಮಲ್ಲೇಶ್ವರದ ಒಂದು ಮಹಡಿಯ ಮೇಲೆ, ಕಂಪ್ಯೂಟರಿನ ಮುಂದೆ, ಹೊಸ ಕೆಲಸ ಇನ್ನೇನು ಕೈತಪ್ಪುತ್ತದೆ ಅನ್ನುವ ಹೊತ್ತಿನಲ್ಲಿ.

ಹಳೆಯ ಕೆಲಸ ಚಾಮರಾಜಪೇಟೆಯಲ್ಲಿತ್ತು. ಅಲ್ಲಿನ ಒಂದು ಮುದ್ರಣಾಲಯದಲ್ಲಿ ನಾನು ಕರಡು ತಿದ್ದುತ್ತಿದ್ದೆ. ನಾಮಕರಣದಿಂದ ವೈಕುಂಠ ಸಮಾರಾಧನೆಯವರೆಗೆ ಮನುಷ್ಯನ ಎಲ್ಲ ಅವಸ್ಥೆಗಳೂ ನನ್ನಿಂದ ತಿದ್ದಿಸಿಕೊಂಡೇ ಮುಂದೆ ಹೋಗುತ್ತಿದ್ದವು. ಜನ ಕರೆಯೋಲೆಯನ್ನು ಫೋನಿನಲ್ಲೇ ಕಳಿಸತೊಡಗಿದ ಮೇಲೆ ಮುದ್ರಣಾಲಯ ಬಾಗಿಲು ಹಾಕಿತು. ಐವತ್ತು ದಾಟಿದವನಿಗೆ ಜ್ಯೋತಿಷಿಗಳೂ ಉದ್ಯೋಗದ ವಿಷಯ ಎತ್ತುವುದಿಲ್ಲ. ನನ್ನ ಹೆಂಡತಿ ಮಾತ್ರ, "ಮನೇಲಿ ಕೂತ್ರೆ ನನ್ನನ್ನೂ ತಿದ್ದೋಕೆ ಶುರು ಮಾಡ್ತೀರ. ಹೋಗಿ ಏನಾದ್ರೂ ಕಲೀರಿ" ಎಂದಳು. ವೆಬ್ ಪುಟ ಕಟ್ಟುವುದನ್ನು ಕಲಿತೆ. ಮಲ್ಲೇಶ್ವರದ ಒಂದು ಸಣ್ಣ ಆಫೀಸು ನನ್ನನ್ನು ಪರೀಕ್ಷೆಗೆಂದು ಇಟ್ಟುಕೊಂಡಿತು. ಒಂದು ಪುಟ ಮಾಡಿಕೊಡಬೇಕು. ಗಿರಾಕಿ ಒಪ್ಪಿದರೆ ಕೆಲಸ ಕಾಯಂ, ಒಪ್ಪದಿದ್ದರೆ ನಮಸ್ಕಾರ.

ಗಿರಾಕಿ ಒಬ್ಬ ಅಡುಗೆ ಕಾಂಟ್ರಾಕ್ಟರ್. ಮದುವೆ, ಮುಂಜಿ, ಗೃಹಪ್ರವೇಶಗಳ ಊಟ ಅವರದು. ಪುಟದ ಮೇಲ್ಗಡೆ ಎಷ್ಟು ಎಲೆ ಅಂತ ಹಾಕಿದರೆ ಕೆಳಗೆ ಕುರ್ಚಿ, ತರಕಾರಿ, ಅಕ್ಕಿ ಎಲ್ಲದರ ಲೆಕ್ಕ ತಾನಾಗಿ ಬರಬೇಕು. ಇಷ್ಟೇ.

ಈ ಕಾಲದ ವೆಬ್ ಪುಟ ಒಂದು ಹಾಳೆಯಲ್ಲ, ಒಂದು ಮನೆ. ಕೋಣೆಯೊಳಗೆ ಕೋಣೆ, ಅದರೊಳಗೆ ಇನ್ನೊಂದು. ಒಂದೊಂದು ಕೋಣೆಯನ್ನೂ ಕಾಂಪೊನೆಂಟ್ ಅನ್ನುತ್ತಾರೆ. ಹೊರಗಿನ ಕೋಣೆ ತನಗೆ ಗೊತ್ತಿರುವುದನ್ನು ಒಳಗಿನ ಕೋಣೆಗೆ ದಾಟಿಸುತ್ತದೆ, ಅದು ಇನ್ನೂ ಒಳಗಿನದಕ್ಕೆ. ಹಾಗೆ ದಾಟಿಸಿದ್ದಕ್ಕೆ ಪ್ರಾಪ್ಸ್ ಎಂದು ಹೆಸರು. ನನ್ನ ಪುಟದಲ್ಲಿ ಎಲ್ಲಕ್ಕಿಂತ ಹೊರಗೆ ಸಮಾರಂಭ, ಅದರೊಳಗೆ ಊಟ, ಊಟದೊಳಗೆ ಅಡುಗೆ, ಅಡುಗೆಯೊಳಗೆ ಅಕ್ಕಿ. ನೋಡಲು ಅಚ್ಚುಕಟ್ಟಾಗಿತ್ತು. ನಾನೇ ಎರಡು ಸಲ ದೂರ ನಿಂತು ನೋಡಿದ್ದೆ.

ನನಗೆ ಕೆಲಸ ಹೇಳಿಕೊಡುತ್ತಿದ್ದ ಹುಡುಗಿ ಶ್ರೀರಾಂಪುರದವಳು. ವಯಸ್ಸಿನಲ್ಲಿ ನನ್ನ ಮಗಳಂತೆ, ಹುದ್ದೆಯಲ್ಲಿ ನನ್ನ ಮೇಲಧಿಕಾರಿ. ಮೊದಮೊದಲು ಸರ್ ಎನ್ನುತ್ತಿದ್ದಳು, ಆಮೇಲೆ ಅಂಕಲ್ ಎಂದಳು. ನಾನು ಅದನ್ನು ಬಡ್ತಿಯೆಂದೇ ತಿಳಿದಿದ್ದೆ. ಗಿರಾಕಿ ಬರುವ ಹಿಂದಿನ ದಿನ ಊಟದ ಹೊತ್ತಿಗೆ ಅವಳು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಅಂಕಲ್, ಮೇಲೆ ನೂರು ಎಲೆ ಅಂತ ಹಾಕಿದೀನಿ. ಅಕ್ಕಿ ಕೋಣೆ ನೋಡಿದ್ರೆ ನೂರಾ ಮೂವತ್ತಮೂರು ಪಾಯಿಂಟ್ ಒಂದು ಎಲೆಗೆ ಅಕ್ಕಿ ಕೇಳ್ತಿದೆ."

"ಹೌದಾ."

"ಆ ಪಾಯಿಂಟ್ ಒಂದು ಯಾರು? ತೊಟ್ಟಿಲಲ್ಲಿರೋ ಮಗುನಾ?"

ಅವಳು ನನ್ನ ಬರಹವನ್ನು ಮೇಲಿಂದ ಕೆಳಗೆ ಓದಿದಳು.

"ಊಟದ ಕೋಣೇಲಿ ನೂರಕ್ಕೆ ಹತ್ತು ಸೇರಿಸಿದೀರ. ಅಡುಗೇಲಿ ಅದರ ಮೇಲೆ ಮತ್ತೆ ಹತ್ತು ಪರ್ಸೆಂಟು. ಅಕ್ಕೀಲಿ ಮತ್ತೆ. ಯಾಕೆ?"

"ಒಂದು ಕೈ ಜಾಸ್ತಿ ಇರಲಿ ಅಂತ ಕಣಮ್ಮ."

"ಯಾರು ಹೇಳಿದ್ರು ಜಾಸ್ತಿ ಮಾಡಿ ಅಂತ?"

"ಅದನ್ನ ಯಾರೂ ಹೇಳಲ್ಲ. ಊಟದ ಲೆಕ್ಕ ಅಂದ್ರೆ ಹಾಗೇನೇ. ಹೇಳಿದಷ್ಟೇ ಬೇಯಿಸಿದ್ರೆ ಜಿಪುಣರು ಅಂತಾರೆ."

ಅವಳು ನಗಲಿಲ್ಲ. ಆ ಒಂದು ಉಪಕಾರವನ್ನು ನಾನು ಇಂದಿಗೂ ನೆನೆಯುತ್ತೇನೆ. ಹೇಳಿದ್ದು ಇಷ್ಟು: "ನಮ್ಮನೇಲೂ ಒಂದು ಮುದ್ದೆ ಜಾಸ್ತಿ ಕಟ್ತಾರೆ ಅಂಕಲ್. ಆದ್ರೆ ಕಟ್ಟೋರು ನಮ್ಮಮ್ಮ ಒಬ್ಬರೇ. ಮನೇಲಿರೋರೆಲ್ಲ ಒಂದೊಂದು ಕಟ್ಟಿದ್ರೆ ಬೀದಿಗೆಲ್ಲ ಹಂಚಬೇಕಾಗತ್ತೆ." ಆಮೇಲೆ ಮೆಲ್ಲಗೆ, "ನಾಳೆ ಬೆಳಿಗ್ಗೆ ಬರೋರು ಅಕ್ಕಿ ಲೆಕ್ಕದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡೋರು. ಇದನ್ನ ನೋಡಿದ್ರೆ ಎದ್ದು ಹೋಗ್ತಾರೆ. ಆಮೇಲೆ ನಿಮ್ಮನ್ನ ಉಳಿಸಿಕೊಳ್ಳೋಕೆ ನನ್ನ ಹತ್ರ ಮಾತಿರಲ್ಲ" ಎಂದಳು.

ಇನ್ನೂ ಒಂದು ಮಾತು ಸೇರಿಸಿದಳು. ಮೇಲಿನ ಕೋಣೆಯಿಂದ, ಅಂದರೆ ಹೊರಗಿನದರಿಂದ, ಬಂದದ್ದನ್ನು ಕೆಳಗಿನ ಕೋಣೆ ಓದಬೇಕು, ಮುಂದಕ್ಕೆ ಕೊಡಬೇಕು. ತಿದ್ದುವ ಹಾಗಿಲ್ಲ. ಮೇಲಿನವರು ಕೊಟ್ಟಿದ್ದನ್ನು ತಿದ್ದಿಯೇ ಅನ್ನ ಉಂಡವನಿಗೆ ಇದು ಸನ್ಯಾಸ ತಗೊಳ್ಳಿ ಅಂದ ಹಾಗಿತ್ತು.

ಅವಳು ಎದ್ದು ಹೋದಳು. ಕಟ್ಟೋರು ಒಬ್ಬರೇ ಅನ್ನುವ ಮಾತು ಮಾತ್ರ ಕುರ್ಚಿಯಲ್ಲೇ ಕೂತಿತ್ತು.

ನಾನು ಹುಡುಗನಾಗಿದ್ದಾಗ ಬಸವನಗುಡಿಯ ನಮ್ಮ ಮನೆಯೂ ಕೋಣೆಯೊಳಗೆ ಕೋಣೆಯಾಗಿಯೇ ಇತ್ತು. ಮುಂದಿನ ಹಜಾರದಲ್ಲಿ ಅಪ್ಪ, ಅವರ ಸುತ್ತ ಬಂದವರು. ಅದರಾಚೆ ನಡುಮನೆಯಲ್ಲಿ ಅತ್ತೆ, ಅಂದರೆ ಅಪ್ಪನ ತಂಗಿ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ. ಒಳಗೆ ಒಲೆಯ ಮುಂದೆ, ಯಾರೂ ಮುಟ್ಟುವ ಹಾಗಿಲ್ಲದ ಮಡಿಯಲ್ಲಿ, ಅಜ್ಜಿ. ಇಬ್ಬರು ಊಟಕ್ಕೆ ನಿಲ್ತಾರೆ ಅಂತ ಅಪ್ಪ ಹೇಳಿದರೆ, ಅತ್ತೆ ಅದನ್ನು ಮೂವರು ಅಂತ ಒಳಗೆ ದಾಟಿಸುತ್ತಿದ್ದರು. ಅಮ್ಮ ನಾಲ್ವರು ಅನ್ನುತ್ತಿದ್ದರು. ಅಜ್ಜಿ ಐವರಿಗೆ ಅಕ್ಕಿ ತೊಳೆಯುತ್ತಿದ್ದರು. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಮೂವರೂ ಧಾರಾಳಿಗಳು. ಅಜ್ಜಿ ತಂಗಳನ್ನ ಮುಟ್ಟುತ್ತಿರಲಿಲ್ಲವಾದ್ದರಿಂದ ಆ ಧಾರಾಳದ ಫಲವನ್ನು ನಾವು ಮಕ್ಕಳೇ ಚಿತ್ರಾನ್ನದ ರೂಪದಲ್ಲಿ ಅನುಭವಿಸಬೇಕಿತ್ತು.

ಕೊನೆಗೆ ಒಂದು ದಿನ ಅಜ್ಜಿಗೇ ಸಾಕಾಯಿತು. ನಡುಮನೆಯ ಗೋಡೆಯ ಗೂಡಿನಲ್ಲಿ ಒಂದು ಹಿತ್ತಾಳೆ ತಟ್ಟೆ ಇಡಿಸಿದರು. ಎಷ್ಟು ಎಲೆಯೋ ಅಷ್ಟು ಅಡಕೆಯನ್ನು ಅಪ್ಪ ಅದರಲ್ಲಿ ಹಾಕಬೇಕು. ಒಲೆಯ ಮುಂದೆ ಕೂತರೆ ಅಜ್ಜಿಗೆ ಅದು ನೇರವಾಗಿ ಕಾಣುತ್ತಿತ್ತು. ಆ ತಟ್ಟೆಗೂ ಅವರು ಮಡಿ ವಿಧಿಸಿದರು. ಯಾರು ಬೇಕಾದರೂ ನೋಡಬಹುದು. ಅಪ್ಪನ ಹೊರತು ಯಾರು ಮುಟ್ಟಿದರೂ ತಣ್ಣೀರು ಸ್ನಾನ. ಬೆಂಗಳೂರಿನ ಧನುರ್ಮಾಸದಲ್ಲಿ ಈ ಶಾಸನವನ್ನು ಮೀರಿದವರು ನನಗೆ ನೆನಪಿಲ್ಲ.

ಒಮ್ಮೆ ಅತ್ತೆಯ ಸ್ನೇಹಿತೆ ಮಾವಳ್ಳಿಯಿಂದ ಬರುವವರಿದ್ದರು. ಅತ್ತೆ ಗೂಡಿನ ಮುಂದೆ ನಿಂತು ಕೈ ಚಾಚಿ, ಹಿಂದೆ ತೆಗೆದು, ಹಜಾರದ ಕಡೆ ತಿರುಗಿ, "ಅಣ್ಣಾ, ಒಂದು ಅಡಕೆ ಹಾಕು ಬಾ" ಎಂದು ಕೂಗಿದರು.

"ನೀನೇ ಹಾಕ್ಬಾರ್ದಾ?" ಎಂದರು ಅಪ್ಪ, ಪೇಪರಿನ ಹಿಂದಿನಿಂದ.

"ಹಾಕ್ತೀನಿ. ಆಮೇಲೆ ತಲೆ ಮೇಲೆ ನೀರು ಸುರಿಯೋಕೆ ನೀನೇ ಬಾ."

ಅಪ್ಪ ಎದ್ದು ಬಂದು ಹಾಕಿದರು. ಒಳಗಿನಿಂದ ಅಜ್ಜಿ, "ಕಂಡಿತು" ಎಂದರು. ಕೊನೆಯಲ್ಲಿ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕುವ ಹಕ್ಕನ್ನು ಅವರು ತಮಗೇ ಇಟ್ಟುಕೊಂಡಿದ್ದರು. ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ನಮ್ಮ ಮನೆಯಲ್ಲಿ ಚಿತ್ರಾನ್ನ ಹಬ್ಬದ ತಿಂಡಿಯಾದದ್ದು ಆಮೇಲೆಯೇ.

ಆ ಮಧ್ಯಾಹ್ನ ಆಫೀಸಿನಲ್ಲಿ ನಾನು ಮಾಡಿದ್ದು ಇಷ್ಟು. ಎಲೆಯ ಅಂಕಿಯನ್ನು ಹೊರಗಿನ ಸಮಾರಂಭದ ಕೋಣೆಯಲ್ಲಿ ಒಂದೇ ಕಡೆ ಇಟ್ಟೆ. ಊಟವಾಗಲಿ ಅಡುಗೆಯಾಗಲಿ ಅದನ್ನು ನೋಡಬಹುದು, ದಾಟಿಸಬಹುದು, ಮುಟ್ಟುವಂತಿಲ್ಲ. ಒಂದು ಹಿಡಿ ಜಾಸ್ತಿ ಹಾಕುವ ಹಕ್ಕು ಅಕ್ಕಿ ಕೋಣೆಗೆ ಮಾತ್ರ. ಒಳಗಿನವರಿಗೆ ಎಲೆ ಹೆಚ್ಚಬೇಕಾದರೆ ಏನು ಮಾಡಬೇಕು ಅನ್ನುವುದು ತೋಚದೆ ಹುಡುಗಿಯನ್ನು ಕರೆದೆ. ಅಡಕೆಯ ಕಥೆಯನ್ನೂ ಹೇಳಿದೆ.

"ನಿಮ್ಮ ಅತ್ತೆ ಕೂಗಿದ್ರಲ್ಲ, ಅದೇ ಅಂಕಲ್" ಎಂದಳು. "ಮೇಲಿನ ಕೋಣೆ ಅಂಕಿ ಜೊತೆಗೆ ಒಂದು ಗಂಟೇನೂ ಕೆಳಗೆ ಕೊಟ್ಟಿರತ್ತೆ ಅಂದ್ಕೊಳ್ಳಿ. ಬೇಕಾದಾಗ ಒಳಗಿನವರು ಬಾರಿಸ್ಬೇಕು. ಅಡಕೆ ಹಾಕೋದು ಮಾತ್ರ ಮೇಲಿನವರೇ." ಗಂಟೆ ಕಟ್ಟುವುದನ್ನು ತೋರಿಸಿಕೊಟ್ಟಳು. ಮೊದಲ ಸಲ ನಾನು ಅದನ್ನು ತಲೆಕೆಳಗಾಗಿ ಕಟ್ಟಿದೆ. ಒಂದು ಎಲೆ ಹೆಚ್ಚಿಸಿದರೆ ಒಂದು ಕಮ್ಮಿಯಾಗುತ್ತಿತ್ತು. "ಬೀಗರಿಗೆ ಇದೇ ಸರಿ" ಎಂದು ಅವಳೇ ಸರಿಮಾಡಿದಳು.

ಮರುದಿನ ಬೆಳಿಗ್ಗೆ ಕಾಂಟ್ರಾಕ್ಟರ್ ಬಂದರು. ದೊಡ್ಡ ಮೈಯ, ಕಮ್ಮಿ ಮಾತಿನ ಮನುಷ್ಯ. ಕಾಫಿ ಬೇಡ ಎಂದು ಹೇಳಿ, ಬಂದದ್ದನ್ನು ಕುಡಿದು, ತಾವೇ ನೂರು ಎಂದು ಒತ್ತಿದರು. ಅಕ್ಕಿ ಕೋಣೆಯನ್ನು ಬಹಳ ಹೊತ್ತು ನೋಡಿದರು.

"ಹತ್ತು ಜಾಸ್ತಿ ಹಾಕಿದೀರಿ."

"ಒಂದೇ ಸಲ ಹಾಕಿದ್ದು" ಎಂದೆ. ಅವರಿಗೆ ಅದು ಅರ್ಥವಾಗಬೇಕಾದ ಕಾರಣವೇನೂ ಇರಲಿಲ್ಲ.

"ಇರಬೇಕು ಬಿಡಿ. ಬಡಿಸೋ ಹೊತ್ತಿಗೆ ಜನ ಜಾಸ್ತಿ ಬಂದ್ರೆ?"

ನಾನು ಒಳಗಿನ ಅಡುಗೆ ಕೋಣೆಯಲ್ಲಿದ್ದ ಗುಂಡಿ ಒತ್ತಿದೆ. ಹೊರಗೆ ಎಲೆ ನೂರಾ ಒಂದಾಯಿತು. ಕುರ್ಚಿ, ತರಕಾರಿ, ಅಕ್ಕಿ ಎಲ್ಲವೂ ಹಿಂದೆಯೇ ಬದಲಾದವು. ಒಲೆಯ ಮುಂದಿನಿಂದ ಯಾರೋ ಕಂಡಿತು ಅಂದ ಹಾಗಾಯಿತು. ಹುಡುಗಿ ನಗು ಅಡಗಿಸಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಪಾಲಿಗೆ ಅದು ಚಪ್ಪಾಳೆ.

ಕಾಂಟ್ರಾಕ್ಟರ್ "ಹೂಂ" ಎಂದರು.

ಆ ಪುಟ ಈಗ ಬಳಕೆಯಲ್ಲಿದೆ. ನನ್ನ ಕೆಲಸ ಕಾಯಂ ಆಯಿತು.