ಬಾಯಾರಿದ ಕಲ್ಲು

ಹರಿಹರದ ಬಸ್ ನಿಲ್ದಾಣದಲ್ಲಿ ಬೆಳಗಿನ ಮೊದಲ ಬಸ್ಸಿಗೆ ಕಾಯುವವರ ನಡುವೆ ಇಬ್ಬರು ಹೆಂಗಸರು ಕಾಣಿಸುತ್ತಿದ್ದರು. ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡವಳು ಉಡಚಮ್ಮ, ಬುತ್ತಿಗಂಟು ಹಿಡಿದವಳು ಓಬಕ್ಕ. ಗೊತ್ತಿಲ್ಲದವರು ಬಾವಿ ಹೂಳು ತೆಗೆಯಲು ಹೊರಟ ಕೂಲಿಯವರು ಅಂದುಕೊಳ್ಳುತ್ತಿದ್ದರು. ಗೊತ್ತಿದ್ದವರು ಮುಸಿಮುಸಿ ನಗುತ್ತಿದ್ದರು. "ಏನಮ್ಮಾ, ನಿಧಿ ಹುಡುಕಾಕೆ ಹೊಂಟ್ರಾ?" ಎಂದು ಕಂಡಕ್ಟರ್ ಕೇಳಿದರೆ, "ಹೂಂ, ನಿನಗೂ ಒಂದು ಪಾಲು ಐತೆ, ಮೊದ್ಲು ಆ ಫ್ರೀ ಟಿಕೆಟ್ ಹರಿದು ಕೊಡು" ಎಂದು ಉಡಚಮ್ಮ ಅವನ ಬಾಯಿ ಮುಚ್ಚಿಸುತ್ತಿದ್ದಳು. ನಗುವವರು ನಗಲಿ. ಆ ಹೆಂಗಸಿನ ಎದೆಗಾರಿಕೆಯಲ್ಲಿ ಕಾಲುಭಾಗ ನಮಗಿದ್ದಿದ್ದರೆ ನಾವೂ ಏನಾದರೂ ಆಗಿರುತ್ತಿದ್ದೆವು.

ಅವರು ಹುಡುಕುತ್ತಿದ್ದದ್ದು ಓಪಲ್. ಶುಕ್ರನಿಗೆ ವಜ್ರ ಹಾಕಿಕೊಳ್ಳುವ ಯೋಗ್ಯತೆ ಇಲ್ಲದವರು ಇದನ್ನು ಉಂಗುರಕ್ಕೆ ಕೂರಿಸಿಕೊಳ್ಳಿ ಎಂದು ಜ್ಯೋತಿಷಿಗಳು ಹೇಳುತ್ತಾರಲ್ಲ, ಅದೇ ಕಲ್ಲು. ಉಡಚಮ್ಮನ ಬಾಯಲ್ಲಿ ಅದು ಹಾಲುಗಲ್ಲು. ಹರಿಹರದಿಂದ ತಾಸಿನ ದಾರಿಯಲ್ಲಿ ಸುಣ್ಣಗುಡ್ಡ ಅಂತ ಒಂದಿದೆ. ಒಂದು ಕಾಲಕ್ಕೆ ಅಲ್ಲಿ ಕುಲುಮೆಯ ಇಟ್ಟಿಗೆಗೆ ಬೇಕಾದ ಬಿಳಿ ಕಲ್ಲಿನ ಗಣಿ ನಡೆಯುತ್ತಿತ್ತು. ಆ ಬಿಳಿ ಕಲ್ಲಿನ ಸಂದಿಯಲ್ಲಿ ಎಲ್ಲೋ ಒಂದೊಂದು ಕಡೆ ಹಾಲಿನ ಕೆನೆಯಂಥ ನುಣುಪು ಗೆರೆ ಸಿಗುತ್ತಿತ್ತು. ಗಣಿಯವರಿಗೆ ಅದು ಕಸ, ಬುಟ್ಟಿಗಟ್ಟಲೆ ಹೊರಗೆ ಸುರಿದರು. ಗಣಿ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು, ಕಸದ ಗುಡ್ಡೆ ಮಾತ್ರ ಉಳಿಯಿತು. ಆ ಜಾಗದ ಒಡೆಯ ದುರುಗಣ್ಣ, "ಆಯ್ಕಂಡು ಹೋಗ್ರಮ್ಮ, ನನಗೇನು ಅದರಾಗೆ ಜ್ವಾಳ ಬೆಳಿತೈತಾ" ಅಂದಿದ್ದ. ಆದರೆ ಗುಡ್ಡದ ಒಳಗೆ, ಆ ಹಳೇ ಸುರಂಗಕ್ಕೆ ಹೋಗಿ ಅಂತ ಅವನಾಗಲಿ ಇನ್ಯಾರಾಗಲಿ ಹೇಳಿರಲಿಲ್ಲ. ಹೋಗಬಾರದು ಎಂಬ ಬೋರ್ಡೇ ಇತ್ತು, ತುಕ್ಕು ಹಿಡಿದು ಮಕಾಡೆ ಬಿದ್ದಿತ್ತು. ಉಡಚಮ್ಮ ಅದನ್ನು ದಾಟಿ ಹೋಗುತ್ತಿದ್ದಳು. ಅದು ತಪ್ಪೇ, ಅವಳನ್ನು ಮೆಚ್ಚುವ ಭರದಲ್ಲಿ ನಾನು ಅದನ್ನು ಸರಿ ಅನ್ನುವುದಿಲ್ಲ.

ಹೊರಗಿನ ಗುಡ್ಡೆಯಲ್ಲಿ ಸಿಗುತ್ತಿದ್ದದ್ದು ಬರೀ ಬಿಳಿ ಕಲ್ಲು. ಜೋರು ಮಳೆ ಬಿದ್ದು ಬಿಸಿಲು ಬಂದ ಮೇಲೆ ಹೋದರೆ ತೊಳೆದ ಗುಡ್ಡೆಯಲ್ಲಿ ಅವು ಇಣುಕುತ್ತಿದ್ದವು. ಒಳಗಿನ ಕಥೆ ಬೇರೆ. ಸುರಂಗದ ತುದಿಯ ಗೋಡೆಯಲ್ಲಿ ತಿರುಗಿಸಿದರೆ ಕೆಂಪು, ಹಸಿರು, ನೀಲಿ ಹೊಳೆಯುವ ಕಲ್ಲನ್ನು ಹಳೇ ಕೆಲಸಗಾರರು ಕಂಡಿದ್ದರಂತೆ. ಹೀಗೆ ಕಂಡವರಲ್ಲಿ ಉಡಚಮ್ಮನ ಗಂಡ ಮಾಲತೇಶಪ್ಪನೂ ಒಬ್ಬ. ಕಂಡ ವಾರದಲ್ಲೇ ಮೇಲಿನ ಕಲ್ಲುಹಾಸು ಕಳಚಿ ಅವನ ಬಲಗಾಲಿನ ಮೇಲೆ ಬಿತ್ತು. ಅಂದಿನಿಂದ ಅವನು ಕೋಲು ಹಿಡಿದು ನಡೆಯುತ್ತಾನೆ, ಮನೆಯಲ್ಲೇ ಕೂತು ಮಂಚಕ್ಕೆ ನವಾರು, ಕುರ್ಚಿಗೆ ವೈರು ಹೆಣೆಯುತ್ತಾನೆ.

ಆ ಮನೆಯಲ್ಲಿ ಕಲ್ಲಿನ ಮಾತು ಆಡುವಂತಿರಲಿಲ್ಲ. ಉಡಚಮ್ಮ ಬಾಯಿ ತೆಗೆದರೆ ಸಾಕು, "ಆ ಗುಡ್ಡದ ಸುದ್ದಿ ನನ್ನ ಮುಂದೆ ಬ್ಯಾಡ" ಎಂದು ಮುಖ ತಿರುಗಿಸುತ್ತಿದ್ದ. ಹೆಂಡತಿಯನ್ನು ತಡೆಯಲು ಅವನಿಂದ ಆಗಲಿಲ್ಲ. ಅವಳನ್ನು ತಡೆದವರು ಈ ತಾಲೂಕಿನಲ್ಲೇ ಯಾರೂ ಇಲ್ಲ ಬಿಡಿ. ಆದರೆ ಅವಳು ಬಂದು ಹಗ್ಗವನ್ನು ಮೊಳೆಗೆ ನೇತುಹಾಕಿದ ಮೇಲೆ ಅದನ್ನು ಇಳಿಸಿಕೊಂಡು, ಎಳೆ ಎಳೆಯಾಗಿ ಬೆರಳಾಡಿಸಿ, ಸವೆದ ಕಡೆ ಹೊಸ ನೂಲು ಸೇರಿಸಿ ಹೊಸೆದು ಮತ್ತೆ ಮೊಳೆಗೆ ಹಾಕುತ್ತಿದ್ದ. ಒಂದು ಮಾತೂ ಇಲ್ಲದೆ. ಅವಳೂ ಕೇಳುತ್ತಿರಲಿಲ್ಲ, ಆದರೆ ಆ ಹಗ್ಗ ಸೊಂಟಕ್ಕೆ ಬಿಗಿದಾಗ ಅವಳಿಗೆ ಗಂಡನ ಕೈಯೇ ಹಿಡಿದುಕೊಂಡಂತಿರುತ್ತಿತ್ತು.

ಕೆಲಸದಲ್ಲಿ ಇಬ್ಬರು ಹೆಂಗಸರಿಗೂ ಒಂದು ಕಟ್ಟು ಇತ್ತು. ಒಳಗೆ ಉಡಚಮ್ಮ, ಸುರಂಗದ ಬಾಯಲ್ಲಿ ಹಗ್ಗ ಹಿಡಿದು ಓಬಕ್ಕ. ಸಿಕ್ಕಿದ್ದರಲ್ಲಿ ಸರಿಪಾಲು. ಆದರೆ ಮಾತು ನಡೆಯುವುದು ಹೊರಗಿನವಳದ್ದು. ಓಬಕ್ಕ ಹಗ್ಗ ಜಗ್ಗಿದರೆ ಒಳಗಿನವಳ ಕೈಯಲ್ಲಿ ಏನೇ ಇರಲಿ, ಬಿಟ್ಟು ಬರಬೇಕು. ಯಾಕೆ ಅಂತ ಆಮೇಲೆ ಕೇಳಬೇಕು. ಟಾರ್ಚಿನ ಜೊತೆಗೆ ಒಯ್ದ ಉರಿಯುವ ದೀಪ ಸಣ್ಣಗಾದರೂ ಅಷ್ಟೇ, ಗಾಳಿ ಕೆಟ್ಟಿದೆ ಎಂದು ಹೊರಳಿಬಿಡಬೇಕು. ಎಷ್ಟೋ ಸಲ ಓಬಕ್ಕ ಸುಮ್ಮನೆ ಅಂಜಿ ಜಗ್ಗಿದ್ದಳು. ಉಡಚಮ್ಮ ಹೊರಗೆ ಬಂದು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಆದರೆ ಬಂದೇ ಬರುತ್ತಿದ್ದಳು.

ಸಿಕ್ಕ ಕಲ್ಲನ್ನು ಅವಳು ಮೊದಲು ನಾಲಿಗೆಗೆ ಮುಟ್ಟಿಸುತ್ತಿದ್ದಳು. ಕೆಲವು ಗಾಜಿನಂತೆ ಜಾರುತ್ತವೆ, ಕೆಲವು ನಾಲಿಗೆಗೆ ಅಂಟಿಕೊಳ್ಳುತ್ತವೆ. ಅಂಟುವವಕ್ಕೆ ಅವಳಿಟ್ಟ ಹೆಸರು ಬಾಯಾರಿದ ಕಲ್ಲು. ಅವು ನೀರು ಕುಡಿಯುತ್ತವೆ. ನೆಲದ ತೇವದಿಂದ ತೆಗೆದ ಕೂಡಲೇ ಬಿಸಿಲಿಗೆ ಇಟ್ಟರೆ ಕಲ್ಲು ಬಿರುಕು ಬಿಡುತ್ತದೆ. ಅದಕ್ಕೇ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒದ್ದೆ ಮರಳಿನ ಮಡಿಕೆಗಳನ್ನಿಟ್ಟು, ಮರಳು ತಾನಾಗಿ ಒಣಗುವ ತನಕ ಕಾಯುತ್ತಿದ್ದಳು. ಒಂದು ಬೇಸಿಗೆ ತಾಳದ ಕಲ್ಲು ಅವಳ ಮನೆಯಿಂದ ಹೊರಬೀಳುತ್ತಿರಲಿಲ್ಲ. ಹೀಗಾಗಿ ದಾವಣಗೆರೆಯ ಮಂಡಿಪೇಟೆಯಲ್ಲಿ ಉಂಗುರದ ಕಲ್ಲಿನ ಅಂಗಡಿ ಇಟ್ಟಿದ್ದ ನುಜತ್, ಉಡಚಮ್ಮ ಕೊಟ್ಟದ್ದನ್ನು ಮರುಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದಳು.

"ಒಂದೇ ಒಂದು ಬಣ್ಣದ್ದು ತಗಂಡು ಬರ್ರಿ ಉಡಚಕ್ಕ," ನುಜತ್ ಹೇಳುತ್ತಿದ್ದಳು. "ಅದರ ದುಡ್ಡಿನ ಮ್ಯಾಲೆ ನಿಮ್ಮ ಮನ್ಯಾಗೇ ಸಾಣೆ ಯಂತ್ರ ಕೂಡಿಸೋಣ. ನಿಮ್ಮ ಯಜಮಾನ್ರ ಕೈ ಹೆಂಗೈತೆ ನೋಡೀನಿ. ಕಲ್ಲು ಕೊಯ್ಯಾಕೆ ಅಂಥ ಕೈನೇ ಬೇಕು."

ಈ ಆಸೆಯೇ ಅವಳನ್ನು ಒಳಗೊಳಗೆ ಎಳೆಯುತ್ತಿತ್ತು. ಗಂಡ ಯಂತ್ರದ ಮುಂದೆ ಕೂತು ಕಲ್ಲು ಕೊಯ್ಯುವುದನ್ನು ನೋಡಬೇಕು. ಒಂದು ಅಮಾವಾಸ್ಯೆಗೆ ಇಬ್ಬರೂ ಉಕ್ಕಡಗಾತ್ರಿಗೆ ಹೋಗಿ ಹೊಳೆಯಲ್ಲಿ ಮಿಂದು ಬಂದಾಗ ಮಾಲತೇಶಪ್ಪ ಅಜ್ಜಯ್ಯನ ಗದ್ದುಗೆಯ ಮುಂದೆ ಎಂದೂ ಇಲ್ಲದಂತೆ ಕಣ್ಣೀರು ಹಾಕಿದ. "ನಿನ್ನ ಕಳಕಂಡು ನಾನು ಇರಲಾರೆ" ಅಂದ. ಉಡಚಮ್ಮ ಅಲ್ಲೇ ಕೈಮುಗಿದು ಜನರೆದುರು ಮಾತು ಕೊಟ್ಟಳು: "ಬಣ್ಣದ ಕಲ್ಲು ಒಂದು ನನ್ನ ಕೈಗೆ ಸಿಗಲಿ, ಅವತ್ತಿನಿಂದ ಗುಡ್ಡದ ಒಳಗೆ ಕಾಲಿಡಲ್ಲ ಅಜ್ಜಯ್ಯ."

ಆಮೇಲಿನ ಮಳೆಗಾಲ ಮುಗಿದ ಮೇಲೆ ಅದು ಸಿಕ್ಕಿತು. ಸುರಂಗದ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಗೋಡೆ ಕೆರೆಯುತ್ತಿದ್ದಾಗ ಟಾರ್ಚಿನ ಬೆಳಕಿಗೆ ಒಂದು ಕೆಂಪು ಕಿಡಿ ಮಿನುಗಿತು. ಉಡಚಮ್ಮ ತಲೆ ಓರೆ ಮಾಡಿದಳು, ಅದು ಹಸಿರಾಯಿತು. ಉಳಿ ಇಡಬೇಕು ಅನ್ನುವಷ್ಟರಲ್ಲಿ ಸೊಂಟದ ಹಗ್ಗ ಜಗ್ಗಿತು.

ಇಷ್ಟು ವರ್ಷ ಹುಡುಕಿದ್ದು ಕಣ್ಣೆದುರಿಗೆ ಇದೆ, ಎರಡು ಏಟು ಹಾಕಿದರೆ ಕೈಗೆ ಬರುತ್ತದೆ. ನಾನಾಗಿದ್ದರೆ ಹಾಕುತ್ತಿದ್ದೆ, ನೀವೂ ಹಾಕುತ್ತಿದ್ದಿರಿ. ಉಡಚಮ್ಮ ಉಳಿಯನ್ನು ಅಲ್ಲೇ ಬಿಟ್ಟು ತೆವಳುತ್ತ ಹೊರಗೆ ಬಂದಳು. ಬಂದವಳೇ, "ನಿನ್ನ ಕೈಗೆ ಲಕ್ವ ಹೊಡೀಲಿ, ಈಗಲೇ ಜಗ್ಗಬೇಕಿತ್ತಾ!" ಎಂದು ಅಬ್ಬರಿಸಿದಳು. "ಮ್ಯಾಲಿಂದ ಮಣ್ಣು ಉದುರಿದ ಸದ್ದು ಕೇಳ್ತು" ಅಂದಳು ಓಬಕ್ಕ ಸಣ್ಣ ಮುಖ ಮಾಡಿಕೊಂಡು. ಅವಳು ಹೇಳಿ ಬಾಯಿ ಮುಚ್ಚುವುದರೊಳಗೆ ಒಳಗೆ ದೊಪ್ಪೆಂದಿತು. ಸುರಂಗದ ಬಾಯಿಂದ ಬಿಳಿ ದೂಳು ಎದ್ದು ಇಬ್ಬರ ತಲೆಯನ್ನೂ ನರೆಸಿತು. ಉಡಚಮ್ಮ ಓಬಕ್ಕನನ್ನು ತಬ್ಬಿಕೊಂಡು ಅತ್ತಳು. ರೊಟ್ಟಿ ತಿಂದರು, ನೀರು ಕುಡಿದರು, ಸದ್ದು ಪೂರ್ತಿ ನಿಂತ ಮೇಲೆ ಅವಳನ್ನು ಮತ್ತೆ ಒಳಗೆ ಬಿಡಲು ಓಬಕ್ಕ ಒಪ್ಪಿದಳು. ಒಳಗೆ ಹೋಗಿ ನೋಡಿದರೆ ಅವಳು ಕೂತಿದ್ದ ಜಾಗದಲ್ಲಿ ಕಲ್ಲುಹಾಸಿನ ಹೋಳು ಬಿದ್ದಿತ್ತು. ಬೀಳುವಾಗ ಗೋಡೆಯನ್ನೂ ಕೆತ್ತಿಕೊಂಡು ಬಿದ್ದಿತ್ತು. ಪಕ್ಕದ ಪುಡಿಯಲ್ಲಿ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಆ ಕಲ್ಲು ತಾನಾಗಿ ಕಳಚಿ ಕೂತಿತ್ತು. ನಾಲಿಗೆಗೆ ಮುಟ್ಟಿಸಿದಳು. ಗಟ್ಟಿಯಾಗಿ ಅಂಟಿಕೊಂಡಿತು.

ಅವತ್ತು ಸಂಜೆ ಮಾಲತೇಶಪ್ಪನ ಮುಂದೆ ಒದ್ದೆ ಬಟ್ಟೆ ಬಿಚ್ಚಿ ತೋರಿಸಿದಳು. ಗುಡ್ಡದ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದವನು ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. "ಇನ್ನು ಹೋಗಲ್ಲ ಅಲ್ಲಾ?" ಎಂದಷ್ಟೇ ಕೇಳಿದ. "ಇಲ್ಲ" ಅಂದಳು.

ಮರುದಿನ ಶುಕ್ರವಾರ. ಬಸ್ಸಿನ ನೂಕುನುಗ್ಗಲಿನಲ್ಲಿ ಅಂಥ ಕಲ್ಲು ಒಯ್ಯಲು ಅವಳಿಗೆ ಧೈರ್ಯ ಸಾಲಲಿಲ್ಲ. ಸುರಂಗಕ್ಕೆ ಹೆದರದವಳು ಜೇಬುಗಳ್ಳರಿಗೆ ಹೆದರಿದಳು ನೋಡಿ! ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ನುಜತ್‌ಳನ್ನೇ ಕರೆದುತರಲು ದಾವಣಗೆರೆಗೆ ಹೋದಳು. ನುಜತ್ ಅಂಗಡಿಗೆ ಬೀಗ ಹಾಕಿ ಸ್ಕೂಟರ್ ತೆಗೆದಳು. ಹರಿಹರದವರೆಗೂ ಇಬ್ಬರೂ ಹುಡುಗಿಯರ ಹಾಗೆ ನಗುತ್ತ ಬಂದರು.

ಮನೆಯ ಹೊಸಿಲಲ್ಲಿ ರಂಗೋಲಿ ಬಿದ್ದಿತ್ತು. ಊದಿನಕಡ್ಡಿಯ ವಾಸನೆ. ಮಾಲತೇಶಪ್ಪ ತಲೆಗೆ ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿ, ಮದುವೆ ಗಂಡಿನ ಹಾಗೆ ಒಗೆದ ಪಂಚೆ ಉಟ್ಟಿದ್ದ. "ಬರ್ರಿ ಬರ್ರಿ, ಕೂಡ್ರಿ" ಎಂದು ನುಜತ್‌ಗೆ ಅವನೇ ಚಾಪೆ ಹಾಸಿದ. ಹೊಸ ಸ್ಕೂಟರ್ ಬಂದರೂ, ಹೊಸ ಮಿಕ್ಸರ್ ಬಂದರೂ ಅರಿಶಿನ ಕುಂಕುಮ ಬೀಳದೆ ಗುಂಡಿ ಒತ್ತದ ಜನ ನಾವು. ಹೆಂಡತಿಯನ್ನು ಗುಡ್ಡದಿಂದ ಬಿಡಿಸಿ ಮನೆಗೆ ಬಂದ ಕಲ್ಲನ್ನು ಅವನು ಹಾಗೇ ಬಿಡುತ್ತಾನೆಯೇ? ಹಸಿ ಹಾಲಿನಲ್ಲಿ ಮೀಯಿಸಿದ್ದ. ಅರಿಶಿನದ ನೀರಿನಲ್ಲಿ ಮುಳುಗಿಸಿಟ್ಟಿದ್ದ. ಮೇಲೆ ಕುಂಕುಮ ಏರಿಸಿ, ಹೂವಿಟ್ಟು, ಆರತಿ ಎತ್ತಿದ್ದ.

ಹಿತ್ತಾಳೆ ತಟ್ಟೆಯಲ್ಲಿ ಕಲ್ಲು ಬೆಂದ ಕಡ್ಲೆಬೇಳೆಯ ಬಣ್ಣಕ್ಕೆ ತಿರುಗಿ ಕೂತಿತ್ತು. ಕಿಡಿ ಇಲ್ಲ, ಹೊಳಪಿಲ್ಲ.

ನುಜತ್ ತೊಳೆದಳು, ಒರೆಸಿದಳು, ಬಾಗಿಲ ಬೆಳಕಿಗೆ ಹಿಡಿದಳು. "ಬಾಯಾರಿದ್ದು ಉಡಚಕ್ಕ," ಎಂದಳು ಮೆಲ್ಲಗೆ. "ಅಷ್ಟೂ ಕುಡದುಬಿಟ್ಟೈತೆ."

ಮಾಲತೇಶಪ್ಪ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. "ಯಾಕ? ನಾನೇನ್ ಮಾಡ್ದೆ?"

ಉಡಚಮ್ಮನಿಗೆ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಲ್ಲು ನೀರು ಕುಡಿಯುತ್ತದೆ ಎಂದು ಈ ಮನುಷ್ಯನಿಗೆ ಹೇಳಿದವರು ಯಾರು? ಇಷ್ಟು ವರ್ಷ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. "ಒಣಗಲಿ ಬಿಡ್ರಿ, ಸರಿಹೋಗ್ತೈತೆ" ಅಂದು ಒಳಗೆ ಹೋಗಿ ಮೂವರಿಗೂ ಚಹಾಕ್ಕಿಟ್ಟಳು.

ಕಲ್ಲು ಮರಳಿನಲ್ಲಿ ಒಣಗಿತು. ಕಿಡಿಗಳೇನೋ ವಾಪಸು ಬಂದವು, ಮಂಕಾಗಿ, ಮಣ್ಣುನೀರಿನ ಹಿಂದೆ ನಿಂತು ನೋಡಿದ ಹಾಗೆ. ಹಳದಿ ಹೋಗಲಿಲ್ಲ. ಇದನ್ನು ಯಾರೂ ಕೊಳ್ಳುವುದಿಲ್ಲ ಎಂದು ನುಜತ್ ಫೋನಿನಲ್ಲಿ ಹೇಳಿದ ದಿನ ಉಡಚಮ್ಮ ಹಿತ್ತಲಿನ ಮಡಿಕೆಗಳನ್ನೆಲ್ಲ ಒಣಗುತ್ತಿದ್ದ ಕಲ್ಲುಗಳ ಸಮೇತ ತಲೆಯ ಮೇಲೆ ಹೊತ್ತು ಓಬಕ್ಕನ ಮನೆಗೆ ಹೋದಳು. "ನಿನ್ನ ಅರ್ಧ ಹಾಳಾತು. ಇವು ಪೂರ್ತಿ ನಿನ್ನವು" ಅಂದಳು. "ದೇವರ ಪೂಜೆಗೆ ಹೋಗಿದ್ದಕ್ಕೆ ಲೆಕ್ಕ ಕೇಳ್ತಾರೇನೇ ಹುಚ್ಚಿ" ಎಂದು ಓಬಕ್ಕ ಬೈದಳು. ಉಡಚಮ್ಮ ಮಡಿಕೆಗಳನ್ನು ಅವಳ ಅಂಗಳದಲ್ಲಿ ಇಳಿಸಿಯೇ ಬಂದಳು.

ಬಂದು ನೋಡಿದರೆ ಮನೆಯ ಬಾಗಿಲು ಹಾಕಿತ್ತು. ಒಳಗೆ ಹೆಣಿಗೆ ಅರ್ಧಕ್ಕೆ ನಿಂತ ಕುರ್ಚಿ. ಮೊಳೆಯ ಮೇಲೆ ಹಗ್ಗ ಇರಲಿಲ್ಲ. ಚಪ್ಪಲಿ ಮೆಟ್ಟುವುದನ್ನೂ ಮರೆತು ಬಸ್ ನಿಲ್ದಾಣಕ್ಕೆ ಓಡಿದಳು.

ಸಿಮೆಂಟಿನ ಬೆಂಚಿನ ಮೇಲೆ ಮಾಲತೇಶಪ್ಪ ಕೂತಿದ್ದ. ತೊಡೆಯ ಮೇಲೆ ಹಗ್ಗದ ಸುರುಳಿ, ಪಕ್ಕದಲ್ಲಿ ಕೋಲು, ಜೇಬಿನಿಂದ ಅವಳ ಟಾರ್ಚು ಇಣುಕುತ್ತಿತ್ತು. ಉಡಚಮ್ಮ ಏದುಸಿರು ಬಿಡುತ್ತ ಪಕ್ಕದಲ್ಲಿ ಕುಸಿದಳು.

"ಎಲ್ಲಿಗೆ ಹೊಂಟೀರಿ?"

"ನಾನೇ ಹಾಳು ಮಾಡ್ದೆ. ನಾನೇ ಇನ್ನೊಂದು ತರ್ತೀನಿ," ಅವನು ಅವಳ ಕಡೆ ನೋಡಲಿಲ್ಲ. "ಜಾಗ ನನಗೆ ಗೊತ್ತೈತೆ. ಇಲ್ಲಾಂದ್ರೆ ನೀನು ಮತ್ತೆ ಹೋಗ್ತಿ. ಮಾರೋಂಥದ್ದು ಸಿಗೋ ತನಕ ನೀನು ಬಿಡಲ್ಲ, ನನಗೆ ಗೊತ್ತಿಲ್ಲೇನು?"

ಉಡಚಮ್ಮನಿಗೆ ಅಳು ಬಂತು, ನಗುವೂ ಬಂತು. ಈ ಕಾಲಿಟ್ಟುಕೊಂಡು ಈ ಮುದುಕ ಗುಡ್ಡ ಹತ್ತುತ್ತಾನಂತೆ! ಸಾಣೆ ಯಂತ್ರ ಒಂದು ಕ್ಷಣ ಅವಳ ಕಣ್ಣ ಮುಂದೆ ಬಂದು ಹೋಯಿತು. ಮನಸ್ಸು ಮಾಡಿದರೆ ಆ ಗೋಡೆಯಲ್ಲಿ ಇನ್ನೊಂದು ಸಿಗದೆ ಇರುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಅಜ್ಜಯ್ಯನ ಮುಂದೆ ಆಡಿದ ಮಾತೂ ಗೊತ್ತಿತ್ತು.

"ನೋಡ್ರಿ," ಅಂದಳು. "ಅಜ್ಜಯ್ಯನ ಮುಂದೆ ನಾನು ಏನಂದೆ? ಕಲ್ಲು ಸಿಕ್ಕಿದ ದಿನ ಬಿಡ್ತೀನಿ ಅಂದೆ. ಮಾರಿದ ದಿನ ಅಂದೆನಾ? ಸಿಕ್ತು. ಬಿಟ್ಟೆ."

ಅವನು ತಿರುಗಿ ಅವಳ ಮುಖ ನೋಡಿದ. ಸುಣ್ಣಗುಡ್ಡದ ಕಡೆಯ ಬಸ್ಸು ಬಂದು ನಿಂತಿತು. "ನಿಧಿ ಪಾರ್ಟಿ, ಬರ್ತೀರಾ?" ಎಂದು ಕಂಡಕ್ಟರ್ ಬಾಗಿಲಿನಿಂದ ಕೂಗಿದ.

"ಇಲ್ಲಪ್ಪ, ನಮ್ಮ ಯಜಮಾನ್ರಿಗೆ ಟಿಕೆಟ್ ಫ್ರೀ ಇಲ್ಲಲ್ಲ," ಎಂದು ಉಡಚಮ್ಮ ಕೈ ಬೀಸಿದಳು. ಬಸ್ಸು ಹೊರಟುಹೋಯಿತು. ಗಂಡನ ತೊಡೆಯ ಮೇಲಿನ ಹಗ್ಗವನ್ನು ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು, ಅವನ ಕೈಗೆ ಕೋಲು ಕೊಟ್ಟಳು.

"ಏಳ್ರಿ. ಹಿತ್ತಲಾಗೆ ಬಟ್ಟೆ ಒಣಹಾಕಾಕೆ ಹಗ್ಗ ಇಲ್ಲ. ಇದನ್ನ ಕಟ್ಟಿ ಕೊಡ್ರಿ."