ಸಾಯುತ್ತಿದ್ದ ಡ್ರೈವ್ ಮತ್ತು ಹೊರಬರದ ಅಣ್ಣ

2023ರ ಬೇಸಿಗೆಯಲ್ಲಿ ನಾನು ನಾಸಿಕದ ಒಂದು ಕಂಪ್ಯೂಟರ್ ಸರ್ವಿಸ್ ಸಂಸ್ಥೆಯಲ್ಲಿ ಸೀನಿಯರ್ ಎಂಜಿನಿಯರ್ ಆಗಿದ್ದೆ. ಛತ್ರಪತಿ ಸಂಭಾಜಿನಗರದ ಚಿಕಲಠಾಣಾದಲ್ಲಿ ಹೊಸ ಶಾಖೆ ತೆರೆದಾಗ ಕೆಲವು ತಿಂಗಳ ಮಟ್ಟಿಗೆ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಬರುತ್ತಿದ್ದ ದೂರುಗಳಲ್ಲಿ ಹೆಚ್ಚಿನವು ಕಾರ್ಖಾನೆ ಕಚೇರಿಗಳವು: ಪ್ರಿಂಟರ್ ಓಡುತ್ತಿಲ್ಲ, ನೆಟ್‌ವರ್ಕ್ ಸಿಗುತ್ತಿಲ್ಲ. ಒಂದು ದಿನ ಮಾತ್ರ ಮನೆಯೊಂದರಿಂದ ಕರೆ ಬಂತು. ಕನ್ನಡ ಬಲ್ಲ ಎಂಜಿನಿಯರೇ ಬೇಕಂತೆ. ನಮ್ಮದೂ ಬೀದರ್ ಕಡೆಯ ಕುಟುಂಬವಾದ್ದರಿಂದ ನಾನೇ ಹೊರಟೆ.

ಬಾಗಿಲು ತೆರೆದವರು ಶಕುಂತಲಾಬಾಯಿ, ಭಾಲ್ಕಿ ಕಡೆಯವರು, ಬ್ಯಾಂಕ್ ನೌಕರಿಯಿಂದ ನಿವೃತ್ತರು. "ಮರಾಠಿ ನನಗ ಛಲೋ ಬರ್ತದ ತಂಗಿ. ಆದ್ರ ಈ ಕಂಪ್ಯೂಟರಿಗೆ ಬೈಯಾಕ ಕನ್ನಡಾನೇ ಬೇಕು, ಅದು ನಿಮಗೂ ತಿಳೀಬೇಕು" ಎಂದರು.

ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ಪರೀಕ್ಷಿಸಿದೆ. ಡಿ ಡ್ರೈವ್‌ನ ತುಂಬ ಬ್ಯಾಡ್ ಸೆಕ್ಟರ್, ಅಂದರೆ ಓದಲು ಬಾರದಂತೆ ಕೆಟ್ಟುಹೋದ ಜಾಗಗಳು. ಅದರಲ್ಲಿದ್ದದ್ದು ಒಂದು ದೊಡ್ಡ ಗೇಮ್ ಲೈಬ್ರರಿ ಫೋಲ್ಡರ್. ಇನ್‌ಸ್ಟಾಲ್ ಮಾಡಿದ ಆಟಗಳೆಲ್ಲ ಬಂದು ಕೂರುವ ಜಾಗವದು.

"ಮೊಮ್ಮಕ್ಕಳವಾ?" ಎಂದೆ.

"ಅವಕ್ಕ ಮುಟ್ಟಾಕ ಕೊಡಂಗಿಲ್ಲ. ಎಲ್ಲಾ ನನ್ನವು. ಲೈಬ್ರರಿ ಪೂರಾ ಎತ್ತಿಕೊಡ್ರಿ."

ಅದೆಲ್ಲ ಎತ್ತಿ ಮುಗಿಸುವಷ್ಟು ಹೊತ್ತು ಆ ಡಿಸ್ಕ್ ಬದುಕುವುದು ಅನುಮಾನವಿತ್ತು. ಆಟಗಳನ್ನು ಇಂಟರ್‌ನೆಟ್‌ನಿಂದ ಮತ್ತೆ ಇಳಿಸಿಕೊಳ್ಳಬಹುದು. ಆಟದಲ್ಲಿ ನಾವು ಮಾಡಿಟ್ಟದ್ದನ್ನು ಕಾಯುವ ಸೇವ್ ಫೋಲ್ಡರ್ ಹೋದರೆ ಹೋಯಿತು. "ಪಾತ್ರೆ ಅಂಗಡ್ಯಾಗ ಮತ್ತ ಸಿಗ್ತಾವ್ರಿ, ನೀವು ಹಾಕಿದ ಉಪ್ಪಿನಕಾಯಿ ಸಿಗಂಗಿಲ್ಲ" ಎಂದು ವಿವರಿಸಿದೆ. ಅವರು ತಕ್ಷಣ ಒಂದು ಆಟದತ್ತ ಬೆರಳು ಮಾಡಿದರು. "ಹಂಗಾದ್ರ ನಮ್ಮ ಊರು ಉಳಸ್ರಿ."

ಅದು ಚೌಕ ಕಲ್ಲುಗಳನ್ನು ಜೋಡಿಸಿ ಊರು ಕಟ್ಟುವ ಆಟ. ಪರದೆಯ ಮೇಲೆ ಅಣೆಕಟ್ಟು, ದಾಳಿಂಬೆ ತೋಟ, ರೈಲು ನಿಲ್ದಾಣ, ಕುರಿದೊಡ್ಡಿ ಎಲ್ಲ ಇದ್ದವು. ಅಲ್ಲಲ್ಲಿ ನಾಮಫಲಕಗಳು. ದೊಡ್ಡಿಯ ಮುಂದೆ "ಬಾಗಿಲು ತೆರೆದಿಟ್ಟವರು ಯಾರು?" ಎಂದಿತ್ತು. ಅದರ ಪಕ್ಕದಲ್ಲೇ ಇನ್ನೊಂದು: "ನಾನಂತೂ ಅಲ್ಲ."

ಆ ಊರನ್ನು ಜೊತೆಗೆ ಕಟ್ಟುತ್ತಿದ್ದ ಇನ್ನೊಬ್ಬ ಆಟಗಾರ ಅವರ ಅಣ್ಣ ರೇವಣಪ್ಪ, ನಾಸಿಕದ ಸಾತಪುರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಶಕುಂತಲಾಬಾಯಿಯವರ ಮಗಳ ಮದುವೆ ಪತ್ರಿಕೆಯಲ್ಲಿ ಸೋದರಮಾವನಾದ ಇವರ ಹೆಸರು ಬೀಗರ ಹೆಸರುಗಳ ಕೆಳಗೆ ಅಚ್ಚಾಗಿತ್ತಂತೆ. ಅಂದಿನಿಂದ ಮಾತಿಲ್ಲ. ಆದರೂ ಇಬ್ಬರೂ ದಿನಾ ಊರಿಗೆ ಬರುತ್ತಿದ್ದರು. ಹೇಳುವುದಿದ್ದರೆ ಫಲಕ ನೆಡುತ್ತಿದ್ದರು.

ಕಾಪಿ ಮಾಡುವ ಮೊದಲು ಡಿಸ್ಕ್ ಶಾಂತವಾಗಬೇಕು. ಎಲ್ಲ ಪ್ರೋಗ್ರಾಂ ಮುಚ್ಚಿದರೂ ಅದರ ದೀಪ ಮಿನುಗುತ್ತಲೇ ಇತ್ತು. ಇಬ್ಬರನ್ನೂ ಒಂದೇ ಊರಿಗೆ ಸೇರಿಸುವ ಆಟದ ಸರ್ವರ್ ಇದೇ ಕಂಪ್ಯೂಟರಿನಲ್ಲಿ ಹಿನ್ನೆಲೆಯಲ್ಲಿ ಓಡುತ್ತಿದೆ, ಸಾತಪುರದಿಂದ ರೇವಣಪ್ಪನವರು ಈಗಲೂ ಊರಿನಲ್ಲಿದ್ದಾರೆ ಎಂದು ಆಗ ತಿಳಿಯಿತು. ಬಲವಂತವಾಗಿ ಮುಚ್ಚಿದರೆ ಸೇವ್ ಅರ್ಧ ಬರೆದು ಹಾಳಾಗುವ ಅಪಾಯ. ಸರಿಯಾಗಿ ನಿಲ್ಲಿಸಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಮಾತು ಬಿಡುವ ಮುನ್ನ ಸರ್ವರ್ ಹೊಂದಿಸಿಕೊಟ್ಟವರು ಅಣ್ಣ. ಪಾಸ್‌ವರ್ಡ್ ಇದ್ದದ್ದೂ ಅವರ ಬಳಿಯೇ.

"ಫೋನ್ ಮಾಡ್ರಿ" ಎಂದೆ.

"ಫಲಕ ಹಾಕ್ತೀನಿ" ಎಂದು ಶಕುಂತಲಾಬಾಯಿ ಆಟವನ್ನು ಮತ್ತೆ ತೆರೆದು, ಊರಿನಲ್ಲಿದ್ದ ಅಣ್ಣನ ಎದುರಿಗೇ ಹೋಗಿ ನೆಟ್ಟರು: "ಊರಿನಿಂದ ಹೊರಗೆ ನಡಿ."

ರೇವಣಪ್ಪನವರು ಜಾಗ ಬಿಡದೆ ಇಬ್ಬರ ನಡುವೆ ಗೋಡೆ ಕಟ್ಟಲು ಶುರುಮಾಡಿದರು. ಅವರಿಟ್ಟ ಒಂದೊಂದು ಕಲ್ಲನ್ನೂ ಈ ಡಿಸ್ಕ್ ಬರೆದುಕೊಳ್ಳಬೇಕಿತ್ತು. ಟಕ್ ಟಕ್ ಜೋರಾಯಿತು.

ನಂಬರ್ ಪಡೆದು ನಾನೇ ಸ್ಪೀಕರಿನಲ್ಲಿ ಅವರಿಗೆ ಫೋನ್ ಮಾಡಿ ಸಂಗತಿ ಹೇಳಿದೆ. "ಊರು ಬಿಡು ಅಂದಾಕಿ ಆಕಿ. ಆಕೀನೇ ಮಾತಾಡ್ಲಿ" ಎಂದರು ಅವರು. ಗೋಡೆ ಏರುತ್ತಲೇ ಇತ್ತು.

ಶಕುಂತಲಾಬಾಯಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಅಣ್ಣಾ, ಡಿಸ್ಕ್ ಸಾಯಾಕ ಹತ್ತೇದ! ನೀ ಒಂದೊಂದು ಕಲ್ಲು ಇಟ್ಟಂಗೂ ಊರು ಮುಳುಗ್ತದ. ಮೊದಲ ಸರ್ವರ್ ನಿಲ್ಸು, ಆಮೇಲೆ ಬೇಕಾದಷ್ಟು ಸಿಟ್ಟು ಮಾಡು!"

ರೇವಣಪ್ಪನವರು ಕೇಳಿದರು: "ಕುರಿ ಒಳಗ ಹಾಕ್ಲೇನ?"

"ಕುರಿ ಹಾಳಾಗ್ಲಿ!"

ಪರದೆಯ ಮೇಲೆ ಸರ್ವರ್ ನಿಂತ ಸೂಚನೆ ಬಂತು. ಡಿಸ್ಕಿನ ದೀಪ ಆರಿತು. ಸೇವ್ ಫೋಲ್ಡರ್ ಒಂದನ್ನೇ ನಾನು ತಂದಿದ್ದ ಹೊಸ ಡ್ರೈವ್‌ಗೆ ಎಳೆದೆ. ಅದು ನಡುವೆ ಎರಡು ಸಲ ಉಸಿರು ಹಿಡಿದಂತೆ ನಿಂತು, ಕೊನೆಗೆ ಮುಗಿಯಿತು. ಮಿಕ್ಕ ಆಟಗಳನ್ನು ಎತ್ತಲು ಹೋದಾಗ ಡಿ ಡ್ರೈವ್ ಪರದೆಯಿಂದಲೇ ಮಾಯವಾಯಿತು, ಮತ್ತೆ ಕಾಣಿಸಲಿಲ್ಲ. ಹೊಸ ಡ್ರೈವ್‌ನಲ್ಲಿ ಲೈಬ್ರರಿ ಫೋಲ್ಡರ್ ಸೇರಿಸಿ, ಹಳೆಯ ವಿಳಾಸ ತೆಗೆದು, ಆಟಗಳನ್ನು ಇಳಿಯಲು ಬಿಟ್ಟೆ. ಅಷ್ಟು ಹೊತ್ತೂ ಫೋನ್ ಕಟ್ ಆಗಿರಲಿಲ್ಲ. ಮದುವೆ ಪತ್ರಿಕೆಯ ಜಗಳ ಈಗ ಬಾಯಿಮಾತಿನಲ್ಲಿ, ಪೂರ್ಣ ವೇಗದಲ್ಲಿ ನಡೆಯುತ್ತಿತ್ತು.

ಆ ವಾರ ನಾಸಿಕಕ್ಕೆ ಹೋದಾಗ ಸೇವ್‌ನ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ರೇವಣಪ್ಪನವರಿಗೆ ಒಪ್ಪಿಸಿದೆ. ಬ್ಯಾಕಪ್ ಬೇರೆ ಊರಿನಲ್ಲಿರುವುದು ಒಳ್ಳೆಯದು. ಅವರು ಚಹಾ ಕೊಟ್ಟು ಮೆಲ್ಲಗೆ ಕೇಳಿದರು: "ಅವತ್ತು ಆಕಿ ಅಳಾಕತ್ತಿದ್ಲೇನ್ರಿ?"

"ಇಲ್ರಿ, ಬೈಯಾಕತ್ತಿದ್ರು."

"ಹಂಗಾದ್ರ ಆರಾಮ ಅದಾಳ" ಎಂದು ನಕ್ಕರು.

ಕೆಡುತ್ತಿರುವ ಡ್ರೈವ್‌ನಲ್ಲಿ ದೊಡ್ಡದನ್ನಲ್ಲ, ಮತ್ತೆ ಸಿಗದದ್ದನ್ನು ಮೊದಲು ಉಳಿಸಬೇಕೆಂದು ನನಗೆ ತರಬೇತಿಯಲ್ಲೇ ಕಲಿಸಿದ್ದರು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ ಎಂದು ಕಲಿಸಿದ್ದು ಆ ದಿನ. ಈಗ ಯಾರ ಮನೆಗೆ ಹೋದರೂ ಕಂಪ್ಯೂಟರ್ ಮುಟ್ಟುವ ಮುನ್ನ ಕೇಳುತ್ತೇನೆ: "ಇದರೊಳಗ ಈಗ ಯಾರಾದ್ರೂ ಅದಾರೇನ್ರಿ?" ಗ್ರಾಹಕರು ಮೊದಲು ಕಂಪ್ಯೂಟರನ್ನು, ಆಮೇಲೆ ನನ್ನನ್ನು ನೋಡಿ, ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.